ಡ್ರಮ್ಮಣ್ಣನ ಕೊಬ್ಬಿಲ್ಲದ ಓಟ

“ಇವತ್ತಿನಿಂದ ಈ ಮನೆಯೊಳಗೆ ಕೊಬ್ಬು ಕಾಲಿಡಕೂಡದು!”

ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಫ್ರಿಜ್ಜಿನ ತಲೆಯ ಮೇಲೆ ಇಟ್ಟು ಡ್ರಮ್ಮಣ್ಣ ಹೀಗೆ ಘೋಷಿಸಿದಾಗ, ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಅವನ ಹಳೆಯ ಪ್ಯಾಂಟೊಂದನ್ನು ಕತ್ತರಿಸಿ ಅವನಿಗೇ ಹೊಸ ಪ್ಯಾಂಟು, ಮಗಳಿಗೊಂದು ಲಂಗ, ಮಿಕ್ಕ ಬಟ್ಟೆಯಲ್ಲಿ ಟಿ.ವಿ.ಗೊಂದು ಮುಸುಕು ಹೊಲಿಯುವ ಮಹಾಕಾರ್ಯದಲ್ಲಿ ಅವಳು ಮುಳುಗಿದ್ದಳು.

“ಹೊಟ್ಟೆ ಕತ್ತರಿಸಿಕೊಂಡಿದ್ದು ನೀವು. ನಾಲಿಗೆ ಕತ್ತರಿಸಿಕೊಳ್ಳಬೇಕಾದ್ದು ನಾವಾ?” ಎಂದಳು.

ಡ್ರಮ್ಮಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪ್ರೆಸ್ಸಿನವರು ಇಟ್ಟದ್ದು. ಮಸಿಯ ಡ್ರಮ್ಮುಗಳ ಸಾಲಿನ ಪಕ್ಕ ಒಮ್ಮೆ ಅವನು ಕುಕ್ಕರಗಾಲಲ್ಲಿ ಕೂತು ಏನೋ ಹುಡುಕುತ್ತಿದ್ದಾಗ, ಹೊಸದಾಗಿ ಸೇರಿದ್ದ ಲೋಡರ್ ಬಂದು ಅವನನ್ನೇ ಉರುಳಿಸಲು ನೋಡಿದ್ದನಂತೆ! ಅಂಥ ದೇಹ ಅದು. ಕೊನೆಗೆ ವೈದ್ಯರು ಆಪರೇಷನ್ ಮಾಡಿ ಅವನ ಜಠರವನ್ನು ಒಂದು ಬಾಳೆಹಣ್ಣಿನಷ್ಟಕ್ಕೆ ಇಳಿಸಿದರು. ತಿಂಗಳುಗಳು ಉರುಳಿದವು, ಡ್ರಮ್ಮಣ್ಣ ಕರಗಿದ, ಹೆಸರು ಮಾತ್ರ ಒಂದು ಗ್ರಾಮೂ ಕರಗಲಿಲ್ಲ.

ಆಸ್ಪತ್ರೆಯ ಆಹಾರತಜ್ಞೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಏನೇನು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ನಿಧಾನವಾಗಿ ವಿವರಿಸಿದ್ದರು. ಹೆಂಡತಿ ಕೇಳಿಸಿಕೊಂಡಳು. ಡ್ರಮ್ಮಣ್ಣ ಗೋಡೆಯ ಮೇಲಿದ್ದ ಹಣ್ಣು ತರಕಾರಿಗಳ ಪೋಸ್ಟರನ್ನೇ ನೋಡುತ್ತಿದ್ದ. ಮುದ್ರಣದಲ್ಲಿ ಕೆಂಪು ಬಣ್ಣ ಕೂದಲೆಳೆಯಷ್ಟು ಎಡಕ್ಕೆ ಸರಿದು ಟೊಮ್ಯಾಟೊಗೆ ಎರಡು ಅಂಚು ಬಂದಿದ್ದವು. ಛೆ, ಛೆ, ಯಾವ ಪ್ರೆಸ್ಸಿನವರಪ್ಪಾ ಇವರು ಎಂದು ಅವನು ಮರುಗುತ್ತಿದ್ದಾಗ ಕಿವಿಗೆ ಬಿದ್ದದ್ದು ಒಂದೇ ಮಾತು: “ಕೊಬ್ಬು.”

ಅಷ್ಟು ಸಾಕಾಯಿತು! ಡ್ರಮ್ಮಣ್ಣ ಲೇಬಲ್ ಮುದ್ರಿಸುವ ಪ್ರೆಸ್ಸಿನಲ್ಲಿ ಮೆಷಿನ್‌ಮ್ಯಾನ್. ಡಬ್ಬಿಗಳ ಮುಂಭಾಗಕ್ಕೆ ಅಂಟಿಸುವ ದೊಡ್ಡ ಅಕ್ಷರದ, ಬಣ್ಣಬಣ್ಣದ ಲೇಬಲ್ಲುಗಳೆಲ್ಲ ಅವನ ಮೆಷಿನ್ನಿನಿಂದಲೇ ಬರುವುದು. ಹಿಂಭಾಗದ ಇರುವೆಸಾಲಿನಂಥ ಅಕ್ಷರಗಳು ಪಕ್ಕದ ಸಣ್ಣ ಮೆಷಿನ್ನಿನ ಪಾಲು. ತನ್ನದಲ್ಲದ ಕೆಲಸದಲ್ಲಿ ತಲೆಹಾಕುವವನಲ್ಲ ಡ್ರಮ್ಮಣ್ಣ. ಹಾಗಾಗಿ ಇಷ್ಟು ವರ್ಷ ನೌಕರಿ ಮಾಡಿದರೂ ಒಂದೇ ಒಂದು ಡಬ್ಬಿಯ ಹಿಂಭಾಗವನ್ನೂ ಅವನು ಓದಿರಲಿಲ್ಲ. ಮುಂದೆ ‘ಕೊಬ್ಬು ಸೊನ್ನೆ’ ಎಂದಿದ್ದರೆ ಮುಗಿಯಿತು, ಅದು ಅಮೃತ.

ಆ ಸಂಜೆಯೇ ಎರಡು ಚೀಲ ಅಮೃತ ಮನೆಗೆ ಬಂತು. ಕೊಬ್ಬಿಲ್ಲದ ಹಾಲು, ಕೊಬ್ಬಿಲ್ಲದ ಚೀಸು, ಕೊಬ್ಬಿಲ್ಲದ ಬಿಸ್ಕತ್ತು, ಎಲ್ಲಕ್ಕಿಂತ ಮಿಗಿಲಾಗಿ ಸ್ಟ್ರಾಬೆರಿ ಪರಿಮಳದ, ಗುಲಾಬಿ ಬಣ್ಣದ ಕೊಬ್ಬಿಲ್ಲದ ಮೊಸರು! ಚೀಸನ್ನು ಮಗಳು ಒಮ್ಮೆ ಕಚ್ಚಿ ನೋಡಿ, ಪೆನ್ಸಿಲ್ ಗೀಟಿನ ಮೇಲೆ ಉಜ್ಜಿದಳು. “ಅಪ್ಪ, ಇದು ಅಳಿಸತ್ತೆ!” ಎಂದು ಸಂತೋಷದಿಂದ ಕೂಗಿದಳು. ಹಾಲನ್ನು ಬೆಕ್ಕಿನ ತಟ್ಟೆಗೆ ಸುರಿದರೆ, ಅದು ಮೂಸಿ, ಡ್ರಮ್ಮಣ್ಣನ ಮುಖವನ್ನೊಮ್ಮೆ ದೀರ್ಘವಾಗಿ ನೋಡಿ, ಪಕ್ಕದ ಮನೆಗೆ ಹೋಯಿತು.

ಕೊನೆಗೆ ಗಂಡ ಹೆಂಡತಿ ನಡುವೆ ಫ್ರಿಜ್ಜಿನ ವಿಭಜನೆ ಆಯಿತು. ಮೇಲಿನ ಅಂತಸ್ತು ಅವನದು, ಕೆಳಗಿನದು ತಾಯಿ ಮಗಳದು. ಅಷ್ಟಕ್ಕೇ ಬಿಟ್ಟನೇ? ಪ್ರೆಸ್ಸಿನಲ್ಲಿ ಉಳಿದ ಕಾಗದದಲ್ಲಿ ಚಿನ್ನದ ಅಂಚಿನ ಎರಡು ಲೇಬಲ್ ಅಚ್ಚು ಹಾಕಿ ತಂದು ಅಂಟಿಸಿದ. ಮೇಲೆ ‘ಪುಣ್ಯ’, ಕೆಳಗೆ ‘ಪಾಪ’.

“ನಿಮ್ಮ ಮೈಯ ಕೊಬ್ಬು ಇಳಿದಿದೆ ರೀ. ಮಿಕ್ಕದ್ದು ಹಾಗೇ ಇದೆ,” ಎಂದಳು ಹೆಂಡತಿ.

ಪುಣ್ಯ ಫಲ ಕೊಡತೊಡಗಿತು. ದಿನಾ ಮಧ್ಯಾಹ್ನ ಗುಲಾಬಿ ಮೊಸರು ತಿಂದ ಸ್ವಲ್ಪ ಹೊತ್ತಿಗೆಲ್ಲ ಡ್ರಮ್ಮಣ್ಣನ ಹಣೆಯಲ್ಲಿ ಬೆವರು, ಎದೆಯಲ್ಲಿ ಡಬಡಬ, ಕೈಯಲ್ಲಿ ಸಣ್ಣ ನಡುಕ!

“ಏನಯ್ಯಾ ಇದು, ಮೆಷಿನ್ ನಡುಗ್ತಾ ಇದೆಯೋ ನೀನು ನಡುಗ್ತಾ ಇದ್ದೀಯೋ?” ಎಂದು ಕೇಳಿದ ಮಸಿ ಮಾಮ. ಬಣ್ಣ ಕಲಸುವ ಹಿರಿಯ ಅವನು, ಮೊಣಕೈವರೆಗೆ ಸದಾ ಯಾವುದಾದರೂ ಒಂದು ಬಣ್ಣದಲ್ಲಿರುತ್ತಿದ್ದ.

“ಕೊಬ್ಬು ಮಾಮ, ಕೊಬ್ಬು! ಹೆದರಿ ಬೆವರಾಗಿ ಓಡಿಹೋಗ್ತಾ ಇದೆ!”

“ಹಂಗಾದ್ರೆ ಓಡಲಿ ಬಿಡು. ಲೇಬಲ್ ಮೇಲೆ ಮಾತ್ರ ತೊಟ್ಟಿಕ್ಕಿಸಬೇಡ.”

ಈ ಪ್ರತಾಪವನ್ನು ಅವನು ಮನೆಯಲ್ಲೂ ಕೊಚ್ಚಿಕೊಂಡ. ಹೆಂಡತಿ ಕತ್ತರಿ ಕೆಳಗಿಟ್ಟು ಅವನನ್ನೇ ದಿಟ್ಟಿಸಿ ನೋಡಿದಳು. “ದಿನಾ ಹೀಗಾಗತ್ತಾ? ಅದನ್ನ ತಿಂದ ಮೇಲೇನಾ?” ಎಂದು ಎರಡೇ ಪ್ರಶ್ನೆ ಕೇಳಿ ಸುಮ್ಮನಾದಳು. ಅವಳು ಸುಮ್ಮನಾದಾಗ ಗಾಬರಿಯಾಗಬೇಕೆಂಬ ಬುದ್ಧಿ ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಬರಬೇಕಿತ್ತು, ಬರಲಿಲ್ಲ.

ಆಶ್ಚರ್ಯವೆಂದರೆ, ಆ ವಾರದಿಂದ ನಡುಕ ನಿಂತಿತು. ಮೊಸರಿನ ಗುಲಾಬಿ ಬಣ್ಣ ಕೊಂಚ ಮಾಸಿದಂತೆ, ರುಚಿ ಗಟ್ಟಿಯಾದಂತೆ ಅನ್ನಿಸಿತು. ಆದರೆ ಡಬ್ಬಿಯ ಮೇಲೆ ‘ಕೊಬ್ಬು ಸೊನ್ನೆ’ ಎಂದೇ ಇತ್ತಲ್ಲ! ದೇಹ ಪುಣ್ಯಕ್ಕೆ ಒಗ್ಗಿಕೊಂಡಿದೆ ಎಂದುಕೊಂಡ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಬಸ್ಸು ಹೊರಟುಬಿಟ್ಟರೆ ಹಿಂದೆ ಓಡಿ ಹಿಡಿಯುವಷ್ಟು ಕಾಲಲ್ಲಿ ಕಸುವು. ಪ್ರೆಸ್ಸಿನಲ್ಲಿ ಊಟದ ಹೊತ್ತಿಗೆ ಎಲ್ಲರ ಡಬ್ಬಿಗೂ ಮೂತಿಯಿಟ್ಟು, “ಬೆಣ್ಣೆಯಾ? ಪಾಪ, ಪಾಪ!” ಎಂದು ಉಪದೇಶ ಶುರುಮಾಡಿದ. ಅವನು ಬರುವುದು ಕಂಡರೆ ಜನ ಡಬ್ಬಿ ಹಿಡಿದು ಬೇರೆ ಮೂಲೆಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಕ್ರೀಡಾದಿನ ಬಂತು. ಪ್ರತಿವರ್ಷ ಪ್ರೆಸ್ಸಿಗೂ ಪಕ್ಕದ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೂ ಮೈದಾನದಲ್ಲಿ ಕದನ. ಡ್ರಮ್ಮಣ್ಣನ ಪಾತ್ರ ಯಾವಾಗಲೂ ಒಂದೇ. ಹಗ್ಗಜಗ್ಗಾಟದಲ್ಲಿ ಹಗ್ಗದ ಕೊನೆಯನ್ನು ಅವನ ಸೊಂಟಕ್ಕೆ ಸುತ್ತಿ ನಿಲ್ಲಿಸಿಬಿಡುವುದು! ಅವನು ಎಳೆಯಬೇಕಾಗಿಯೂ ಇರಲಿಲ್ಲ, ಇದ್ದರೆ ಸಾಕಿತ್ತು. ಜನ ನಗುತ್ತಿದ್ದರು, ಅವನೂ ನಗುತ್ತಿದ್ದ. ಮಗಳು ಮಾತ್ರ ನಗುತ್ತಿರಲಿಲ್ಲ.

“ಅಪ್ಪ, ನೀನು ಓಡೋದನ್ನ ನಾನು ಒಂದು ಸಲಾನೂ ನೋಡಿಲ್ಲ,” ಎಂದಿದ್ದಳು ಅವಳು, ಯಾವತ್ತೋ ಒಮ್ಮೆ.

ಆ ಮಾತು ಡ್ರಮ್ಮಣ್ಣನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಆಪರೇಷನ್ನಿಗೆ ಒಪ್ಪಿ ಸಹಿ ಹಾಕಿದಾಗ ನೆನೆದದ್ದೂ ಅದನ್ನೇ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಈ ಸಲ ಪ್ರೆಸ್ಸಿನ ನಡುವೆ ನಿಂತು, ಮೆಷಿನ್ನಿನ ಸದ್ದು ಮೀರುವಂತೆ ಕೂಗಿದ: “ರಿಲೇ ಓಟದ ಕೊನೇ ಸುತ್ತು ನನ್ನದು!”

“ಯೋಚನೆ ಮಾಡಿ ಹೇಳು,” ಎಂದ ಮಸಿ ಮಾಮ. “ಗೆದ್ದ ಕಪ್ಪನ್ನ ಬಿಟ್ಟುಕೊಟ್ಟು ನಮಗೆ ಅಭ್ಯಾಸ ಇಲ್ಲ.”

“ಕೊಬ್ಬಿಲ್ಲದ ಮೊಸರಿನ ಮಹಿಮೆ ಏನು ಅಂತ ಆ ದಿನ ನೋಡುವಿರಂತೆ!”

ಆ ದಿನ ಬೆಳಗ್ಗೆ ತಾಯಿ ಮಗಳು ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಮೊದಲೇ ಹೊರಟರು. “ಮೇಜಿನ ಮೇಲೆ ಬೇಯಿಸಿದ ಮೊಟ್ಟೆ ಇದೆ, ಅಷ್ಟೇ ತಿಂದು ಬನ್ನಿ. ಬೇರೇನೂ ಬೇಡ,” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಎರಡೆರಡು ಸಲ ಹೇಳಿದಳು. ಡ್ರಮ್ಮಣ್ಣ ಪುಣ್ಯದ ಅಂತಸ್ತು ತೆರೆದ. ಡಬ್ಬಿ ಖಾಲಿ! ಇಂಥ ದಿನವೇ ಖಾಲಿಯೇ? ಯೋಧ ಆಯುಧವಿಲ್ಲದೆ ಹೊರಡುವುದುಂಟೆ? ದಾರಿಯ ಅಂಗಡಿಯಲ್ಲಿ ಹೊಚ್ಚಹೊಸ ಡಬ್ಬಿ ಕೊಂಡ. ನಾಕು ಚಮಚಕ್ಕೆ ತುಂಬಿಹೋಗುವ ಹೊಟ್ಟೆ ಅವನದು. ಆದರೆ ಅಂಗಡಿಯ ಮೊಸರು ನೀರುನೀರಾಗಿತ್ತು, ಒಂದೊಂದೇ ಗುಟುಕಾಗಿ ಮೈದಾನ ಬರುವಷ್ಟರಲ್ಲಿ ಇಡೀ ಡಬ್ಬಿ ಜಾರಿಹೋಯಿತು. ಬಹಳ ದಿನದ ಮೇಲೆ ಅದೇ ಹಳೇ ಗುಲಾಬಿ ಸಿಹಿ! ತುಟಿ ಒರೆಸಿಕೊಂಡು ತನ್ನ ಗೆರೆಯ ಮೇಲೆ ಹೋಗಿ ನಿಂತ.

ಸೀಟಿ ಕೂಗಿತು. ಮೊದಲನೆಯವನು ಹೊರಟ. ಡ್ರಮ್ಮಣ್ಣನ ಹಣೆಯಲ್ಲಿ ಬೆವರು ಮೂಡಿತು. ಎರಡನೆಯವನು ರಿಲೇ ಕೋಲು ಹಿಡಿದ. ಎದೆ ಡಬಡಬ. ಮೂರನೆಯವನು ತಿರುವಿನಲ್ಲಿ ಎಡವಿ, ಪೆಟ್ಟಿಗೆ ಕಾರ್ಖಾನೆಯವನು ಬಹಳ ಮುಂದೆ ಹೋದ. ಆಗ ಡ್ರಮ್ಮಣ್ಣನ ಹೊಟ್ಟೆಯೊಳಗೆ ಏನೋ ಗುಡುಗುಡು ಎಂದಿತು. ಅದು ಧೈರ್ಯವಲ್ಲ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಕೋಲು ಕೈಗೆ ಬಂತು. ಡ್ರಮ್ಮಣ್ಣ ಮೈದಾನದ ಆಚೆ ತುದಿ ನೋಡಿದ. ಗೆಲುವಿನ ಟೇಪು ಅಲ್ಲೇ ಇತ್ತು. ಅದರ ಹಿಂದೆ, ಅದೇ ನೇರದಲ್ಲಿ, ಬಿಳಿ ಬಣ್ಣದ ಕಕ್ಕಸಿನ ಕೋಣೆಯೂ ಇತ್ತು!

ಓಡಿದ ನೋಡಿ! ಅದನ್ನು ಓಟ ಎನ್ನುವುದು ಅದಕ್ಕೆ ಅವಮಾನ. ಬಿಲ್ಲು ಬಿಟ್ಟ ಬಾಣ! ಹಲ್ಲು ಕಚ್ಚಿ, ಕಣ್ಣು ಅಗಲಿಸಿ, ಮೈಯೆಲ್ಲ ಬಿಗಿಹಿಡಿದು ಹಾರಿದ. ಬಹಳ ಮುಂದಿದ್ದ ಪೆಟ್ಟಿಗೆಯವನು, ಪಕ್ಕದಲ್ಲಿ ಏನೋ ಹಾದುಹೋಯಿತಲ್ಲ ಎಂದು ತಿರುಗುವಷ್ಟರಲ್ಲಿ ಟೇಪು ಡ್ರಮ್ಮಣ್ಣನ ಎದೆಯ ಮೇಲಿತ್ತು. ಪ್ರೆಸ್ಸಿನವರು ಎದ್ದು ಕುಣಿದರು. ಆದರೆ ವೀರ ನಿಲ್ಲಲಿಲ್ಲ!

“ಅಪ್ಪಾ! ಗೆದ್ದಾಯ್ತು! ನಿಲ್ಲಪ್ಪಾ!” ಎಂದು ಮಗಳು ಕೂಗುತ್ತಾ ಹಿಂದೆ ಓಡಿದಳು. ಹಾರ ಹಿಡಿದು ನಿಂತಿದ್ದ ಮಸಿ ಮಾಮ, “ಲೋ, ಹಾರ! ಹಾರ!” ಎಂದು ಅವಳ ಹಿಂದೆ ಓಡಿದ. ಎದೆಯ ಮೇಲೆ ಟೇಪು ಹಾರಾಡಿಸಿಕೊಂಡು, ಕೈಯಲ್ಲಿ ಕೋಲು ಹಿಡಿದು, ಡ್ರಮ್ಮಣ್ಣ ಒಳಹೊಕ್ಕು ಚಿಲಕ ಜಡಿದ.

ಹೊರಗೆ ಗಲಾಟೆಯೋ ಗಲಾಟೆ. ಸೀಟಿ ಮೇಷ್ಟ್ರು, ಅಂದರೆ ತೀರ್ಪು ಕೊಡುವವರು, ಬಾಗಿಲ ಮುಂದೆ ಬಂದು ನಿಂತರು. ಪೆಟ್ಟಿಗೆ ಕಾರ್ಖಾನೆಯ ಮ್ಯಾನೇಜರ್ ಕೆಂಡಾಮಂಡಲವಾಗಿದ್ದ.

“ಹೋದ ವರ್ಷ ಎದ್ದು ನಿಲ್ಲೋಕೆ ಇಬ್ಬರು ಹಿಡಿಬೇಕಾಗಿತ್ತು ಇವರನ್ನ! ಈಗ ಹೀಗೆ ಓಡ್ತಾರೆ ಅಂದ್ರೆ ಏನೋ ತಗೊಂಡಿದ್ದಾರೆ! ಏನು ತಗೊಂಡ್ರು ಅಂತ ಹೇಳೋವರೆಗೂ ಕಪ್ಪು ಕೊಡಕೂಡದು!”

ಹೆಂಡತಿ ಬಾಗಿಲಿಗೆ ಬಾಯಿ ಹಚ್ಚಿದಳು. “ರೀ, ಏನು ತಿಂದ್ರಿ?”

ಒಳಗಿನಿಂದ ಕ್ಷೀಣ ಸ್ವರ ಬಂತು. “ಮೊಸರು ಕಣೇ... ದಿನಾ ತಿನ್ನೋದೇ.”

“ದಿನಾ ತಿನ್ನೋದಲ್ಲ ಅದು! ದಿನಾ ತಿನ್ನೋದು ಪಾಪದ್ದು!”

ಒಳಗೆ ಕೋಲು ಕೈಜಾರಿ ನೆಲಕ್ಕೆ ಬಿದ್ದ ಸದ್ದಾಯಿತು.

“ಆ ಗುಲಾಬಿ ಮೊಸರಲ್ಲಿ ಕೊಬ್ಬು ತೆಗೆದ ಜಾಗಕ್ಕೆಲ್ಲ ಸಕ್ಕರೆ ಸುರಿದಿದ್ದಾರೆ ರೀ! ನಿಮ್ಮ ಪುಟ್ಟ ಹೊಟ್ಟೆಗೆ ಅಷ್ಟು ಸಕ್ಕರೆ ಒಮ್ಮೆಲೇ ಬಿದ್ರೆ ಬೆವರು, ನಡುಕ, ಆಮೇಲೆ ಕಕ್ಕಸು ಅಂತ ಆ ಊಟದ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ರು. ಕೊಬ್ಬು ಕಮ್ಮಿ ಇದೆಯೋ ಪೂರ್ತಿ ಇದೆಯೋ ಆಮೇಲೆ, ಮೊದಲು ಸಕ್ಕರೆ ನೋಡಿ ಅಂದ್ರು. ನೀವು ಟೊಮ್ಯಾಟೊ ನೋಡ್ತಾ ಕೂತಿದ್ರಿ! ನಿಮ್ಮ ನಡುಕ ನೋಡಿ ಹೆದರಿ ಮತ್ತೆ ಅವರನ್ನೇ ಕೇಳಿದೆ. ತಿನ್ನೋದೇ ನಾಕು ಚಮಚ, ಅದು ಪೂರ್ತಿ ಕೊಬ್ಬಿನ ಸಪ್ಪೆ ಮೊಸರೇ ಆಗಲಿ ಅಂದ್ರು. ಅವತ್ತಿಂದ ನಿಮ್ಮ ಡಬ್ಬಿ ತೊಳೆದು ನಮ್ಮ ಮೊಸರನ್ನೇ ತುಂಬಿ ಇಡ್ತಿದ್ದೀನಿ. ಎರಡು ಸ್ಟ್ರಾಬೆರಿ ಹಿಚುಕಿ ಹಾಕ್ತಿದ್ದೆ, ಬಣ್ಣಕ್ಕೆ!”

“ಹಾಗಾದ್ರೆ... ನನ್ನ ಕಾಲಿಗೆ ಕಸುವು ಬಂದಿದ್ದು?”

“ಪಾಪದಿಂದ!”

ಸೀಟಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಅಮ್ಮಾ, ಕೋಲೂ ಒಳಗೇ ಇದೆ. ಅದು ನನ್ನ ಕೈಗೆ ಬರದೆ ಓಟ ಮುಗಿದ ಲೆಕ್ಕ ಅಲ್ಲ.”

ಬಾಗಿಲು ಒಂದು ಗೇಣು ತೆರೆಯಿತು. ಕೋಲು ಹಿಡಿದ ಒಂದು ಕೈ ಮಾತ್ರ ಹೊರಬಂತು. ಮೇಷ್ಟ್ರು ಕರವಸ್ತ್ರ ತೆಗೆದು, ಕೋಲನ್ನು ಅದರಲ್ಲಿ ಸುತ್ತಿ, ಭಕ್ತಿಯಿಂದ ತೆಗೆದುಕೊಂಡರು. ಆಮೇಲೆ ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳುವಂತೆ ತೀರ್ಪು ಓದಿದರು: “ಓಟಗಾರರು ಅಂಗಡಿಯ ಸಿಹಿ ಮೊಸರನ್ನಲ್ಲದೆ ಬೇರೇನೂ ಸೇವಿಸಿಲ್ಲ! ಓಟದ ಕಾರಣ ಸ್ವಾಭಾವಿಕ! ಕಪ್ಪು ಪ್ರೆಸ್ಸಿಗೆ!”

ಪೆಟ್ಟಿಗೆ ಕಾರ್ಖಾನೆಯ ಮ್ಯಾನೇಜರನೇ ಮೊದಲು ಹೊಟ್ಟೆ ಹಿಡಿದು ನಕ್ಕ. ಆ ನಗು ಮೈದಾನವನ್ನೆಲ್ಲ ಸುತ್ತಿ ಬಂತು. ಡ್ರಮ್ಮಣ್ಣ ಹೊರಬಂದು, ತಲೆತಗ್ಗಿಸಿ ಕಪ್ಪು ಹಿಡಿದು ನಿಂತ. ಈ ಸಲವೂ ಎಲ್ಲರೂ ನಕ್ಕುಬಿಟ್ಟರಲ್ಲ, ಮಗಳ ಮುಖ ಹೇಗೆ ನೋಡಲಿ ಎಂದು ಅವನಿಗೆ ಅಳುವೇ ಬಂತು. ಮಗಳು ಬಂದು ಅವನ ಸೊಂಟವನ್ನು ತಬ್ಬಿಕೊಂಡಳು. ಎರಡೂ ಕೈ ಹಿಂದೆ ಹೋಗಿ ಒಂದನ್ನೊಂದು ಹಿಡಿದವು, ಹುಟ್ಟಿದಾಗಿನಿಂದ ಮೊದಲ ಸಲ. “ಎಷ್ಟು ಜೋರಾಗಿ ಓಡಿದೆ ಅಪ್ಪ!” ಎಂದಳು. ಅವಳೂ ನಗುತ್ತಿದ್ದಳು. ಡ್ರಮ್ಮಣ್ಣನಿಗೆ ಆಮೇಲೆ ಬೇರೆ ಯಾರ ನಗುವೂ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಫ್ರಿಜ್ಜು ತೆರೆದರೆ ಪಾಪ ಪುಣ್ಯಗಳ ಲೇಬಲ್ಲುಗಳು ಮಾಯ! ಮೇಲಿನ ಅಂತಸ್ತಿನಲ್ಲಿ ಸಪ್ಪೆ ಮೊಸರಿನ ಬಟ್ಟಲು, ಪಕ್ಕದಲ್ಲಿ ಪುಟ್ಟ ಚಮಚ. ಮೂಲೆಯಲ್ಲಿ ಒಂದೇ ಒಂದು ಗುಲಾಬಿ ಡಬ್ಬಿ. ಅದರ ಮೇಲೆ ಮಗಳ ಕೈಬರಹದ, ಚಿನ್ನದ ಅಂಚಿನ ಲೇಬಲ್: ‘ಅಪ್ಪನ ಓಟಕ್ಕೆ ಮಾತ್ರ.’

ಡ್ರಮ್ಮಣ್ಣ ಅದನ್ನು ಕೈಗೆತ್ತಿಕೊಂಡ. ನೌಕರಿಗೆ ಸೇರಿದ ಮೇಲೆ ಮೊಟ್ಟಮೊದಲ ಬಾರಿಗೆ, ಡಬ್ಬಿಯನ್ನು ತಿರುಗಿಸಿ ಹಿಂಭಾಗ ನೋಡಿದ. ಅಲ್ಲೂ ಒಂದು ಲೇಬಲ್ ಇತ್ತು, ಇರುವೆಸಾಲಿನಂಥ ಅಕ್ಷರದಲ್ಲಿ, ಹೆಂಡತಿಯ ಕೈಬರಹ:

‘ಬಳಸುವ ಮುನ್ನ ಕಕ್ಕಸಿನ ಬಾಗಿಲು ತೆರೆದಿಡುವುದು.’