ಬಲೆಯ ಹೊರಗಿನ ಕಾಗೆ

ಈ ಚಳಿಗಾಲ ಘಾಟ್ಕೋಪರಿನ ಒಂದು ಹಕ್ಕಿಯೂ ನನ್ನ ಕಣ್ಣು ತಪ್ಪಿಸಕೂಡದು! ಹೀಗೆಂದು ಶಪಥ ಮಾಡಿ, ಹೊಸ ದುರ್ಬೀನು ಹಿಡಿದು ಬೆಳಿಗ್ಗೆಯೇ ಕಿಟಕಿಗೆ ನಿಂತೆ. ನಮ್ಮ ಕಟ್ಟಡದ ಎದುರು ವಿಂಗಿನ ಒಂದು ಮನೆಯ ಡಿಶ್ ಆಂಟೆನಾ ಮೇಲೆ ಕಪ್ಪಗೆ, ದುಂಡಗೆ, ಮಹಾ ಗಾಂಭೀರ್ಯದಿಂದ ಕೂತಿತ್ತು ಒಂದು ಗಿಡುಗ! ಫೋಟೋ ತೆಗೆದು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದೆ: "ಅಪರೂಪದ ಅತಿಥಿ. ಯಾರೂ ಗದ್ದಲ ಮಾಡಬೇಡಿ."

ಆ ಮನೆಯ ಹುಡುಗಿ ನಿಖಿತಾ ತಕ್ಷಣ ಬರೆದಳು: "ಅಂಕಲ್, ಅದು ಪಪ್ಪಾನ ಮಂಕಿ ಕ್ಯಾಪ್. ಒಣಗಲಿಕ್ಕೆ ಇಟ್ಟಿದ್ದು."

"ಗಿಡುಗ ಹಾಗಿರಲಿ," ಎಂದಳು ಹೆಂಡತಿ ವನಮಾಲಾ. "ಒಂದು ಕಾಗೆ ತೋರಿಸ್ರೀ, ಸಾಕು."

ಅಂದು ಅವಳ ಅಮ್ಮನ ಮೊದಲ ವರ್ಷದ ತಿಥಿ. ಬಾಳೆಲೆಯಲ್ಲಿ ಅನ್ನ, ಮೊಸರು, ವಡೆ ಕಿಟಕಿಯಲ್ಲಿ ಕಾಯುತ್ತಿತ್ತು. ಕಾಗೆ ಮುಟ್ಟುವ ತನಕ ವನಮಾಲಾ ನೀರೂ ಮುಟ್ಟುವುದಿಲ್ಲ.

ನಮ್ಮ ಅತ್ತೆ ಇದೇ ಕಿಟಕಿಯಲ್ಲಿ ಕೂತು, ಒಂದು ಕುಂಟು ಕಾಗೆಗೆ ತುತ್ತಿಟ್ಟ ಮೇಲೆಯೇ ತಾವು ತಿನ್ನುತ್ತಿದ್ದರು. ಈ ಊರಿನಲ್ಲಿ ಅವರ ಕನ್ನಡವನ್ನು ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದ ನೆರೆಯ ಜೀವ ಅದೊಂದೇ. ಅವರು ಹೋದ ಮೇಲೆ ಆ ಕೆಲಸ ಮಗಳದಾಗಿತ್ತು. ಆದರೆ ಪಕ್ಷಿಪ್ರೇಮಿಯಾದ ನಾನು ದೀಪಾವಳಿಗೆ ಪಾರಿವಾಳದ ಕಾಟವೆಂದು ಕಿಟಕಿ ತುಂಬ ನೈಲಾನ್ ಬಲೆ ಹೊಡೆಸಿದ್ದೆ!

ಕುಂಟು ಕಾಗೆ ಬಂತು. ಬಲೆಗೆ ಕೊಕ್ಕು ತಾಗಿಸಿತು. ಹಿಂದೆ ಸರಿಯಿತು.

"ಒಂದು ನಿಮಿಷ!" ಎಂದು ಕತ್ತರಿ ತಂದು ಕಾಗೆಯ ಅಳತೆಗೆ ಬಲೆ ಕತ್ತರಿಸಿದೆ. ನುಗ್ಗಿದ್ದು ಎರಡು ಪಾರಿವಾಳ! ಮೊಸರು ಸೋಫಾದ ಮೇಲೆ, ಅನ್ನ ಫ್ಯಾನಿನ ಮೇಲೆ, ನಾನು ಮಂಚದ ಕೆಳಗೆ. ಕಾಗೆ ಮಂಕಿ ಕ್ಯಾಪಿನ ಪಕ್ಕ ಕೂತು ಎಲ್ಲ ನೋಡಿ, ಹಾರಿಹೋಯಿತು.

"ಅಮ್ಮನಿಗೆ ಇವತ್ತೂ ಊಟ ತಡ," ಎಂದಳು ವನಮಾಲಾ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಎಲೆಗೆ ಬಡಿಸಿ, ಕಾಗೆ ಹುಡುಕಿಕೊಂಡು ಆಟೋ ಹಿಡಿದು ಐರೋಲಿಯ ಹಿನ್ನೀರಿಗೆ, ಖಾಡಿಗೆ, ಹೋದೆವು. ನೀರಿನ ತುಂಬ ಫ್ಲೆಮಿಂಗೊ! ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಕಾಗೆ ಮಾತ್ರ ಒಂದೂ ಇಲ್ಲ.

"ಕಾ! ಕಾ!" ಎಂದು ಕೂಗಿದೆ.

"ಅಂಕಲ್, ಆಹಿಸ್ತಾ! ಫ್ಲೆಮಿಂಗೊ ಉಡ್ ಜಾಯೇಂಗೆ!" ಎಂದು ಕ್ಯಾಮೆರಾದವರು ಗದರಿದರು.

"ಉಡನೇ ದೋ! ಹಾರಿದರೆ ಹಾರಲಿ!" ಎಂದೆ. ಮತ್ತೆ ಕೂಗಿದೆ.

ಆಗ ಒಂದು ಬಿಳಿಯ ಸೀಗಲ್ ಎರಗಿ, ಎಲೆಯಿಂದ ವಡೆ ಎತ್ತಿಕೊಂಡು ಖಾಡಿಯ ಮೇಲೆ ತೇಲಿತು. ವನಮಾಲಾ ಅದು ಚುಕ್ಕೆಯಾಗುವ ತನಕ ನೋಡಿದಳು. ಆಮೇಲೆ ಬಾಟಲಿ ತೆರೆದು ನೀರು ಕುಡಿದಳು.

ನಾನು ಮೆಲ್ಲಗೆ ಕೇಳಿದೆ: "ವನೂ, ಅದು ಕಾಗೆಯಲ್ಲ. ಯಾವುದೋ ದೇಶದ್ದು. ಅಮ್ಮನಿಗೆ ಮುಟ್ಟಿಸುತ್ತಾ?"

"ಮುಟ್ಟಿಸುತ್ತೆ ಬಿಡಿ," ಎಂದಳು ಸೆರಗಿನಿಂದ ಬಾಯಿ ಒರೆಸುತ್ತ. "ಅದಕ್ಕೆ ನಮ್ಮ ಮನೆ ಬಲೆ ವಿಷಯ ಗೊತ್ತಿಲ್ಲ."