ಗೆರೆ ಮುಟ್ಟಿದವರು ಕೈ ಎತ್ತಿ

ಹಾವೇರಿ ಜಿಲ್ಲೆಯಲ್ಲಿ ನನ್ನ ಸೋದರಮಾವನಷ್ಟು ಸಲ ಔಟಾದ ಮನುಷ್ಯ ಇನ್ನೊಬ್ಬನಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಔಟಾದದ್ದು ಕಬಡ್ಡಿ ಅಂಕಣದ ಹೊರಗೆ! ಇದನ್ನು ಅಳಿಯನಾಗಿ ಹೇಳುತ್ತಿಲ್ಲ. ಆ ಕಾಲಕ್ಕೆ ಹಾವೇರಿಯಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದವನಾಗಿ ಹೇಳುತ್ತಿದ್ದೇನೆ. ಕಂಡದ್ದನ್ನು ಬಿಟ್ಟು ಬೇರೆ ಬರೆಯಬಾರದೆಂದು ನಮಗೆ ಕಲಿಸಿದ್ದರು. ಮಾವನ ವಿಷಯದಲ್ಲಿ ಆ ನಿಯಮದಿಂದ ಏನೂ ತೊಂದರೆಯಾಗಲಿಲ್ಲ. ಕಂಡದ್ದೇ ಬೇಕಾದಷ್ಟಿತ್ತು.

ಮಾವ ಬ್ಯಾಡಗಿಯಲ್ಲಿ ಅಣ್ಣನ ಜೊತೆ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಿದ್ದ. ಖರೇ ಹೇಳಬೇಕೆಂದರೆ ನಡೆಸುತ್ತಿದ್ದವರು ಅಣ್ಣ, ಅಂದರೆ ನನ್ನ ದೊಡ್ಡ ಮಾವ. ಇವನು ಅಂಗಡಿಯ ಹಿಂದಿನ ಅಂಗಳದಲ್ಲಿ ಊರಿನ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದ. ಹಿಡಿಯುವುದು, ಜಿಗಿಯುವುದು, ನುಸುಳುವುದು ಎಲ್ಲ ಆಮೇಲೆ. ಮೊದಲ ಪಾಠ ಕೈ ಎತ್ತುವುದು. ಎದುರಾಳಿಯ ಕೈ ತಾಗಿದರೆ, ಕಾಲು ಗೆರೆ ಮುಟ್ಟಿದರೆ, ಅಂಪೈರ್ ಸೀಟಿ ಊದುವ ಮೊದಲೇ ಆಟಗಾರ್ತಿ ತಾನೇ ಕೈ ಎತ್ತಿ ಹೊರಗೆ ನಡೆಯಬೇಕು.

"ಅಂಪೈರ್ ನೋಡಿಲ್ಲಂದ್ರ, ಕಾಕಾ?" ಎಂದು ಹೊಸದಾಗಿ ಬಂದವಳು ಕೇಳುವಳು.

"ನಿನಗ ಗೊತ್ತೈತಿಲ್ಲ? ಮತ್ತ್ಯಾಕ ಅವನ ಕಣ್ಣಿಗೆ ತ್ರಾಸ ಕೊಡ್ತಿ?"

ಪಾಠವೇನೋ ಚೆನ್ನಾಗಿತ್ತು. ಆದರೆ ಅಂಕಣ ಎಲ್ಲಿಗೆ ಮುಗಿಯುತ್ತದೆ, ಸಂಸಾರ ಎಲ್ಲಿಂದ ಶುರುವಾಗುತ್ತದೆ ಎಂಬುದು ಮಾವನಿಗೆ ತಿಳಿದಿರಲಿಲ್ಲ! ಒಮ್ಮೆ ರಾಣೆಬೆನ್ನೂರಿನಿಂದ ನಾವಿಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಮಾವ ಮೋಟೆಬೆನ್ನೂರಿಗೆ ಟಿಕೆಟ್ ತೆಗೆಸಿದ್ದ. ಅಲ್ಲಿಳಿದು ಬ್ಯಾಡಗಿಗೆ ಹೋಗಬೇಕು. ನಿದ್ದೆ ಹತ್ತಿತು, ನನಗೂ. ಎಚ್ಚರವಾದಾಗ ಬಸ್ಸು ಮೋಟೆಬೆನ್ನೂರು ದಾಟಿ ಹಾವೇರಿಯ ಹಾದಿಯಲ್ಲಿತ್ತು. ಮಾವ ಎದ್ದು ನಿಂತ, ತುಂಬಿದ ಬಸ್ಸಿನಲ್ಲಿ ಕೈ ಎತ್ತಿದ.

"ಕಂಡಕ್ಟರ್ ಸಾಹೇಬ್ರ, ನಾ ಗೆರಿ ದಾಟೇನಿ!"

ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕುಂದ್ರ್ರಿ ಯಜಮಾನ್ರ. ಮೊದಲ ನಿದ್ದಿ ಪೂರಾ ಮಾಡ್ರಿ."

ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗಲೂ ಹೀಗೆಯೇ. ಹಿರಿಯರು ಅವಲಕ್ಕಿ ತಿನ್ನುತ್ತ ಮಳೆ ಬೆಳೆ ಮಾತಾಡುತ್ತಿದ್ದರೆ ವರಮಹಾಶಯ ಕೈ ಎತ್ತಿ, "ನಾ ಗೊರಕಿ ಹೊಡೀತೇನಿ" ಎಂದನಂತೆ. ನಮ್ಮಜ್ಜಿ ಅಲ್ಲಿಯೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆದರೆ ಹುಡುಗಿ ಒಪ್ಪಿಬಿಟ್ಟಳು! ಯಾಕೆಂದು ನಾನು ಅತ್ತೆಯನ್ನೇ ಕೇಳಿದ್ದೇನೆ.

"ಹೊಡ್ಯಾವ್ರು ಹೆಂಗಿದ್ರೂ ಹೊಡೀತಾರಪಾ. ಹೇಳಿ ಹೊಡ್ಯಾವ್ರು ಇವರೊಬ್ಬರ ಸಿಕ್ಕರು."

ಮನೆಯಲ್ಲಿ ಜಗಳವಾಗಿ ತಪ್ಪು ತನ್ನದೆಂದು ಅನಿಸಿದರೆ ಮಾವ ಕೈ ಎತ್ತಿ, ಸೀದಾ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಕಬಡ್ಡಿಯಲ್ಲಿ ಔಟಾದವರು ತಮ್ಮ ಕಡೆಯವರು ಪಾಯಿಂಟ್ ತರುವವರೆಗೆ ಹೊರಗಿರಬೇಕಲ್ಲ? ಅತ್ತೆ ಊಟಕ್ಕೆ ಕರೆದರೆ ಅಲ್ಲಿಂದಲೇ ಕೇಳುವನು: "ನಮ್ಮ ಕಡಿ ಪಾಯಿಂಟ್ ಬಂತೇನು?"

"ರೊಟ್ಟಿ ಬಂದಾವ. ಆರಿ ಹೋಗ್ತಾವ, ಬರ್ರಿ ಒಳಗ!"

ನನ್ನ ವೃತ್ತಿಯನ್ನೂ ಅವನು ಬಿಡಲಿಲ್ಲ. ಅವನ ತಂಡ ಒಂದು ಪಂದ್ಯ ಗೆದ್ದಾಗ 'ನಿರಾಯಾಸ ಜಯ' ಎಂದು ಬರೆದಿದ್ದೆ. ಮರುದಿನ ಪತ್ರಿಕೆ ಹಿಡಿದುಕೊಂಡು ಹಾವೇರಿಗೆ ಬಂದ. "ಅಳಿಯಾ, ಇದೇನು ಬರದಿ? ಆ ಕಡಿ ಹುಡುಗ್ಯಾರು ಮಣಕಾಲು ತರಚಿಕೊಂಡು ಆಡ್ಯಾರ. ಅವರ ಮನ್ಯಾಗ ಈ ಪೇಪರ್ ಓದೂದಿಲ್ಲೇನು? ತಿದ್ದುಪಡಿ ಹಾಕು!" ಸೋತವರು ತಿದ್ದುಪಡಿ ಕೇಳುವುದು ನಮಗೆ ರೂಢಿ. ಗೆದ್ದವರು ಕೇಳಿದರೆ ಹಾಕಲು ಪುಟದಲ್ಲಿ ಜಾಗವೇ ಇರಲಿಲ್ಲ.

ಇನ್ನು ಅಂಗಳದ ವಿಷಯ. ಸುಗ್ಗಿಯಲ್ಲಿ ಅಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಸಂಜೆ ಕಾಯಿಯನ್ನು ಒಂದು ಮಗ್ಗುಲಿಗೆ ಬಳಿದು, ಸುಣ್ಣದ ಗೆರೆ ಎಳೆದು ಆಟ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಆ ಅಂಗಳದಲ್ಲಿ ಒಂದೇ ಒಂದು ಉಸಿರು ಎಳೆದುಕೊಳ್ಳಬೇಕಿತ್ತು! ನಮ್ಮ ಹುಡುಗಿಯರಿಗೆ ಅದು ಹುಟ್ಟಿದಾಗಿನ ಗಾಳಿ. ಅವರು ಘಾಟಿಗೆ ಸೀನುತ್ತಿರಲಿಲ್ಲ, ಕಣ್ಣೀರೂ ಹಾಕುತ್ತಿರಲಿಲ್ಲ.

ರಾಣೆಬೆನ್ನೂರಿನ ತಂಡ ಒಮ್ಮೆ ಅಲ್ಲಿಗೇ ಆಡಲು ಬಂತು. ಅವರ ಮೊದಲ ಹುಡುಗಿ ನಮ್ಮ ಕಡೆಗೆ ನುಗ್ಗಿದಳು. "ಕಬಡ್ಡಿ, ಕಬಡ್ಡಿ, ಕಬ... ಆಕ್ಷೀ!" ಉಸಿರು ಮುರಿಯಿತು, ಔಟ್. ಎರಡನೆಯವಳೂ ಆಕ್ಷೀ. ಮೂರನೆಯವಳು ಗೆರೆ ದಾಟುವ ಮೊದಲೇ ಸೀನಿದಳು. ನಮ್ಮವರು ಬೆರಳು ಅಲುಗಿಸದೆ ಗೆಲ್ಲುತ್ತಿದ್ದರು. ಮಾವ ಕೈ ಎತ್ತಿ ಆಟ ನಿಲ್ಲಿಸಿದ.

"ಇದು ಕಬಡ್ಡಿ ಅಲ್ಲ, ನೆಗಡಿ. ನೀರ ತರ್ರಿ!"

ಕೊಡಗಟ್ಟಲೆ ನೀರು ಸುರಿದು ಅಂಗಳ ತೊಳೆಸಿದ. ಘಾಟು ಇಳಿಯಿತು. ರಾಣೆಬೆನ್ನೂರಿನವರು ಸಮಾಧಾನದಿಂದ ಆಡಿ ನಮ್ಮನ್ನು ಚೆನ್ನಾಗಿ ಸೋಲಿಸಿದರು. ನೀರು ಮಗ್ಗುಲಿನ ರಾಶಿಯ ಬುಡಕ್ಕೂ ಹರಿದಿತ್ತು. ದೊಡ್ಡ ಮಾವ ಓಡಿ ಬಂದರು.

"ಏ ಮಾರಾಯಾ, ಕಾಯಿ ಬೂಷ್ಟು ಹಿಡೀತಾವೋ! ಗೆಲ್ಲಾಕ ನೀರ ಹಾಕಿದವ್ರನ್ನ ನೋಡೇನಿ, ಸೋಲಾಕ ನೀರ ಹಾಕಿದಾಂವ ನೀನೊಬ್ಬನ!" ಆಮೇಲೆ ದನಿ ತಗ್ಗಿಸಿ ಹೇಳಿದರು, "ಕೇಳಿಲ್ಲಿ. ಈ ಸಲ ಜಿಲ್ಲಾ ಕಪ್ ಗೆದ್ದು ಬಾ. ಅಂಗಳ ನಿನ್ನ ಹುಡುಗ್ಯಾರ್ದು, ನಾ ಕಾಯಿಗೆ ಬ್ಯಾರೆ ಜಾಗಾ ನೋಡ್ತೇನಿ. ಗೆಲ್ಲಲಿಲ್ಲಾ, ಅಂಗಳ ಕಾಯಿಗೆ."

ದೊಡ್ಡ ಮಾವ ಮಾತು ತಪ್ಪುವವರಲ್ಲ. ಊರಲ್ಲಿ ಆ ಹುಡುಗಿಯರಿಗೆ ಬೇರೆ ಜಾಗ ಇರಲಿಲ್ಲ. ಶಾಲೆಯ ಮೈದಾನ ಗಂಡುಹುಡುಗರ ಕ್ರಿಕೆಟ್ಟಿಗೆ ಹೋಗಿತ್ತು. ಅಂದಿನಿಂದ ಮಾವ ಊಟದಲ್ಲೂ ಮಾತಾಡುವುದು ಕಡಿಮೆ ಮಾಡಿದ. ಯಾವುದಕ್ಕೂ ಕೈ ಎತ್ತುತ್ತಿರಲಿಲ್ಲ. ಅತ್ತೆಗೆ ಇದೇ ದಿಗಿಲು.

ಪಂದ್ಯಾವಳಿ ನಡೆದದ್ದು ಹಾವೇರಿಯಲ್ಲಿ. ನಮ್ಮವರು ಫೈನಲ್ ಮುಟ್ಟಿದರು. ಎದುರಿಗೆ ಅದೇ ರಾಣೆಬೆನ್ನೂರು. ವರದಿ ಮಾಡಲು ಹೋಗಿದ್ದ ನಾನು ಮಾವನ ಮಗ್ಗುಲಲ್ಲೇ ಕುಳಿತಿದ್ದೆ. ಕೊನೆಯ ದಾಳಿ ಉಳಿದಿತ್ತು, ಎರಡೂ ಕಡೆ ಅಂಕ ಸಮ. ಹೊರಟವಳು ನಮ್ಮ ಶಾಹೀನಾ, ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯವರ ಮಗಳು, ಮಾತಿನಲ್ಲೂ ಆಟದಲ್ಲೂ ಎಲ್ಲರಿಗಿಂತ ಚುರುಕು. ಮೂಲೆಯವಳನ್ನು ಮುಟ್ಟಿದಳು, ಹಿಡಿಯಲು ಬಂದವರಿಂದ ಮೈ ಕೊಸರಿಕೊಂಡಳು, ನಡುಗೆರೆಗೆ ಹಾರಿ ಬಂದು ಬಿದ್ದಳು. ಅಂಪೈರ್ ನಮ್ಮ ಕಡೆ ಪಾಯಿಂಟ್ ತೋರಿಸಿದ. ಗೆದ್ದೆವು! ಹುಡುಗಿಯರು ಕುಣಿಯತೊಡಗಿದರು.

ಆದರೆ ಕೊಸರಿಕೊಳ್ಳುವಾಗ ಅವಳ ಹಿಮ್ಮಡಿ ಪಕ್ಕದ ಗೆರೆಯ ಮೇಲೆ ಬಿದ್ದು ಸುಣ್ಣದ ಧೂಳು ಎದ್ದದ್ದು ನಾವು ಕುಳಿತಲ್ಲಿಗೆ ಸ್ಪಷ್ಟವಾಗಿ ಕಂಡಿತ್ತು. ಅಂಪೈರನಿಗೆ ನಡುವೆ ಆಟಗಾರ್ತಿಯರು ಅಡ್ಡವಾಗಿದ್ದರು.

ಶಾಹೀನಾ ಕುಣಿಯಲಿಲ್ಲ. ಮಾವನತ್ತ ನೋಡಿದಳು. ಮಾವ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ.

ಮಾವ ಹಾಕಿಕೊಂಡಿದ್ದದ್ದು ಚಪ್ಪಲಿ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೈ ಎತ್ತಿದಳು. "ಏನವ್ವಾ, ನೀರ ಬೇಕೇನು?" ಎಂದ ಅಂಪೈರ್.

"ಅಲ್ರಿ ಸರ. ನಾ ಗೆರಿ ತುಳದೇನ್ರಿ."

ಒಂದು ಅಂಕದಿಂದ ಸೋತೆವು. ಮರುದಿನ ನಾನು ಬ್ಯಾಡಗಿಗೆ ಹೋದೆ. ದೊಡ್ಡ ಮಾವ ಮಾತಿನಂತೆ ನಡೆದಿದ್ದರು. ಅಂಗಳ ಈ ಗೋಡೆಯಿಂದ ಆ ಗೋಡೆಯವರೆಗೆ ಕೆಂಪಗಿತ್ತು. ಬಾವಿಯ ಬಳಿ ಉಳಿದ ಗೇಣು ಜಾಗದಲ್ಲಿ ಹುಡುಗಿಯರು ನಿಂತಿದ್ದರು. ಮಾವ ಗೇಟಿನ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದ. ಕರೆದರೆ ಬರಲೊಲ್ಲ. ಶಾಹೀನಾ ಹೊರಗೆ ಬಂದಾಗ ಅವಳೆದುರು ಮೆಲ್ಲಗೆ ಕೈ ಎತ್ತಿದ.

"ನಾ ಔಟವ್ವಾ. ನೀ ತುಳದದ್ದು ನನಗ ಕಂಡಿತ್ತು. ಅಂಗಳದ ಆಸೆಗೆ ತೆಲಿ ಬಗ್ಗಿಸಿದ್ನಿ."

"ಗೊತ್ತೈತ್ರಿ ಕಾಕಾ. ಚಪ್ಪಲಿಗೆ ಲೇಸು ಕಟ್ಟಿದವ್ರನ್ನ ನಾ ನಿನ್ನೀನ ಮೊದಲ ಸಲ ನೋಡಿದ್ದು!" ಎಂದಳು ಹುಡುಗಿ. "ಆದ್ರ ಔಟಾದವ್ರು ಎಲ್ಲೀತನಕ ಹೊರಗಿರಬೇಕ್ರಿ? ತಮ್ಮ ಕಡ್ಯಾವ್ರು ಪಾಯಿಂಟ್ ತರೂತನಕ, ಹೌದಲ್ರಿ?"

"ನಿನ್ನಿ ಪಾಯಿಂಟ್ ಅವರಿಗೆ ಹೋತಲ್ಲವ್ವಾ."

"ಬೋರ್ಡ್ ಮ್ಯಾಲಿಂದು ಅವರಿಗೆ ಹೋತು. ನೀವು ಕಲಿಸಿದ್ದನ್ನ ನಾ ಮಾಡಿದ್ನಲ್ಲ, ಅದು ಯಾರ ಕಡೀದು? ಏಳ್ರಿ, ಬರ್ರಿ ಒಳಗ."

ಕೈ ಚಾಚಿದಳು. ಮಾವ ಅದನ್ನು ಹಿಡಿದು ಎದ್ದ. ಗೇಟು ದಾಟುವಾಗ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತ ನನಗೆ ಹೇಳಿದ, "ಏನ್ ಘಾಟೋ ಮಾರಾಯಾ ಇವತ್ತ!"

ಬ್ಯಾಡಗಿಯವರಿಗೆ ಘಾಟಿನಿಂದ ಕಣ್ಣೀರು ಬರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ತಿದ್ದುಪಡಿ ಹಾಕಲಿಲ್ಲ.