ರಬ್ಬರ್ ಕೈ ಕೊಟ್ಟ ಮಾತು

ಈ ರಬ್ಬರ್ ಕೈ ನನಗೆ ಬಿದ್ದದ್ದು ಒಂದು ಎಮ್ಮೆಗೆ. ಸಾಮಾನಿನ ಖರ್ಚು ಅಂತೀರಾ, ಅದು ಏನೇನೂ ಅಲ್ಲ. ಗೋಕಾಕದ ಅಂಗಡಿ ಅಂಗಡಿ ತಿರುಗಿ ನಾನೇ ಚೌಕಾಸಿ ಮಾಡಿ ತಂದದ್ದು. ಹಾಗಾದರೆ ಎಮ್ಮೆ ಯಾಕೆ ಹೋಯಿತು? ಎಲ್ಲಿಗೆ ಹೋಯಿತು ಅನ್ನುವುದು ಗೊತ್ತು. ಕೊಟ್ಟವರು ಯಾರು ಅನ್ನುವುದೇ ನನಗಿನ್ನೂ ತಿಳಿದಿಲ್ಲ.

ನಾನು ಮೂಡಲಗಿ ದನದ ಸಂತೆಯ ದಲ್ಲಾಳಿ. ಕಲಿತದ್ದು ಕಡಿಮೆ, ಬೆರಳು ಚುರುಕು. ನಮ್ಮಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿಯುತ್ತೇವೆ. ಒಂದು ಬೆರಳಿಗೆ ಹತ್ತು ಸಾವಿರ. ದರ ಒಪ್ಪಿಗೆಯಾದರೆ ಎದುರಿನವನು ಆ ಕೈಯನ್ನು ಬಿಡದೆ ಒತ್ತಿ ಹಿಡಿಯುತ್ತಾನೆ. ಒತ್ತಿದ ಮೇಲೆ ಮುಗಿಯಿತು. ಹಿಂದೆ ಸರಿದವನಿಗೆ ಮುಂದಿನ ಸಂತೆಯಲ್ಲಿ ಒಂದು ಕಪ್ ಚಹಾ ಕುಡಿಸುವವರೂ ಇರುವುದಿಲ್ಲ.

ಅಣ್ಣನ ಮಗಳು ಸವಿತಾ ಹುಕ್ಕೇರಿಯಲ್ಲಿ ಡಿಪ್ಲೊಮಾ ಓದುತ್ತಾಳೆ. ಪರೀಕ್ಷೆಗೆಂದು ಒಂದು ಮೆತ್ತನೆಯ ರಬ್ಬರ್ ಕೈ ಮಾಡಿದಳು. ಗಾಳಿ ತುಂಬಿದರೆ ಬೆರಳು ಮಡಚುತ್ತದೆ, ಬಿಟ್ಟರೆ ಬಿಚ್ಚುತ್ತದೆ. ಆದರೆ ಮುಟ್ಟಿದ್ದು ಅದಕ್ಕೆ ತಿಳಿಯಬೇಕಲ್ಲ? ಅಂಗಡಿಯ ಸೆನ್ಸರ್ ದುಬಾರಿ. ಅದಕ್ಕೇ ಪೆನ್ಸಿಲ್ ಕಡ್ಡಿಯ ಕರಿಪುಡಿ ಕಲಸಿದ ನೀರಿನಲ್ಲಿ ಸ್ಪಂಜ್ ಅದ್ದಿ, ಒಣಗಿಸಿ, ಎರಡು ತೆಳು ತಾಮ್ರದ ಪಟ್ಟಿಗಳ ನಡುವೆ ಕೂರಿಸಿದಳು. ಒತ್ತಿದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ, ಗಾಳಿ ತುಂಬಿ ಕೈ ಹಿಡಿದುಕೊಳ್ಳುತ್ತದೆ. ಒತ್ತುವುದನ್ನು ಬಿಟ್ಟರೆ ಕೈಯೂ ಬಿಡುತ್ತದೆ. "ಹೊಸಾ ಸ್ಪಂಜ್ ತರ್ರಿ ಕಾಕಾ" ಅಂದಿದ್ದಳು. ನಾನು ಗಾದಿ ರಿಪೇರಿಯವನ ಹತ್ತಿರ ಹಳೆಯ ಸೀಟಿನದೊಂದು ತುಂಡನ್ನು ಪುಗಸಟ್ಟೆ ಗಿಟ್ಟಿಸಿದೆ. ಸ್ಪಂಜ್ ಸ್ಪಂಜೇ ಅಲ್ಲವೇ?

ಪರೀಕ್ಷೆಯ ಹಿಂದಿನ ದಿನ ಬೇರೆ ಬೇರೆ ಜನರ ಕೈ ಮೇಲೆ ಅದನ್ನು ಪರೀಕ್ಷಿಸಲು ಸವಿತಾ ಸಂತೆಗೇ ಬಂದಳು. ಅವತ್ತು ನನ್ನದೇ ಎಮ್ಮೆ ಮಾರಾಟಕ್ಕಿತ್ತು. ಕೇಳಲು ಬಂದವನು ಕೌಜಲಗಿಯ ವ್ಯಾಪಾರಿ ಬಸಲಿಂಗ. ಯಾರು ಎಷ್ಟು ಒತ್ತಿದರು ಅನ್ನುವುದು ಸವಿತಾಳ ಮೊಬೈಲಿನಲ್ಲಿ ಗೆರೆಯಾಗಿ ಏಳುತ್ತದೆ ಅಂತ ಕೇಳಿದ್ದೇ ತಡ, ನನ್ನ ತಲೆ ಓಡಿತು. ಆಸೆ ಇದ್ದವನ ಬೆರಳು ಬಿಗಿ ಇರುತ್ತದೆ. ಆ ಬಿಗಿ ಕಣ್ಣಿಗೇ ಕಂಡರೆ ಬಸಲಿಂಗ ನನ್ನ ಜೇಬಿನೊಳಗೇ ಬಿದ್ದಂತೆ!

"ಬಸಲಿಂಗಾ, ಇವತ್ತ ಈ ಕೈ ಹಿಡಿ."

"ಯಾಕ್ರಿ ಕಾಕಾ, ನಿಮ್ಮ ಕೈ ಸವದೈತೇನು?"

"ಇದೂ ನಂದ ಕೈ ಅಂತ ತಿಳಿ."

"ಹಂಗಾರ ಇದು ಹೇಳಿದ್ದ ನಿಮ್ಮ ಮಾತು?"

"ಇದು ಹೇಳಿದ್ದ ನನ್ನ ಮಾತು," ಅಂದುಬಿಟ್ಟೆ. ಸುತ್ತ ಜನ ಸೇರಿದ್ದರು ನೋಡಿ, ಹುರುಪು.

ಬಸಲಿಂಗ ನಾಲ್ಕು ಬೆರಳು ಹಿಡಿದ. ಮೊಬೈಲಿನ ಗೆರೆ ಜಿಗಿಯಿತು. ಇವನು ಐದು ದಾಟಿ ಬರುತ್ತಾನೆ ಅಂತ ನಾನು ಮೀಸೆಯಲ್ಲೇ ನಕ್ಕೆ. ಅವನೂ ಐದನೆಯ ಬೆರಳಿಗೆಂದು ಹಿಡಿತ ಸಡಿಲಿಸಿದ. ಗೆರೆ ಮಾತ್ರ ಇಳಿಯಲಿಲ್ಲ.

"ಕಾಕಾ, ಕೈ ಬಿಡವಲ್ದು!"

"ಸವಿತಾ, ಬಿಡಸವ್ವಾ!"

"ನಾ ಏನೂ ಮಾಡಿಲ್ರಿ. ಸ್ಪಂಜ್ ಒತ್ತಿದ್ದು ಮ್ಯಾಲೆ ಏಳವಲ್ದು. ಅವರಿನ್ನೂ ಹಿಡಕೊಂಡಾರ ಅಂತ ಕೈ ತಿಳಕೊಂಡೈತಿ."

ಬಸಲಿಂಗ ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ಮುಖ ಅರಳಿತು. "ನೋಡ್ರಪಾ ಎಲ್ಲಾರೂ! ನಾಲ್ಕಕ್ಕ ಒಪ್ಪಿ ಒತ್ತಾಕತ್ತೈತಿ!"

"ಏ, ಅದು ರಬ್ಬರಲೇ!"

"ರಬ್ಬರ್ ಖರೆ. ಆದ್ರ ನಿಮ್ದ ಅಂದ್ರೆಲ್ಲಾ ಈಗ?"

ಸವಿತಾ ಗಾಳಿಯ ನಳಿಕೆ ಕಿತ್ತಾಗ ಅವನ ಕೈ ಬಿಡುಗಡೆಯಾಯಿತು. ಆ ಕೈ ನೇರ ಎಮ್ಮೆಯ ಹಗ್ಗಕ್ಕೆ ಹೋಯಿತು. ನಾನು ಒಪ್ಪಿರಲಿಲ್ಲ. ರಬ್ಬರಿಗೆ ಒಪ್ಪುವುದು ಗೊತ್ತಿಲ್ಲ. ಆ ಸೀಟಿನ ಮೇಲೆ ವರ್ಷಗಟ್ಟಲೆ ಕೂತು ಸ್ಪಂಜ್ ಚಪ್ಪಟೆ ಮಾಡಿದವರು ಯಾರೋ, ಅವರೇ ನನ್ನ ಎಮ್ಮೆ ಮಾರಿದರೇ? ಎಷ್ಟು ಲೆಕ್ಕ ಹಾಕಿದರೂ ಬಗೆಹರಿಯಲಿಲ್ಲ. ಸವಿತಾ ಅಂದೇ ಸಂಜೆ ಗೋಕಾಕದಲ್ಲಿ, ಕೇಳಿದ ದರ ಕೊಟ್ಟು, ಹೊಸ ಸ್ಪಂಜ್ ಕೊಂಡು ಹಾಕಿದಳು. ಮರುದಿನ ಪರೀಕ್ಷೆಯಲ್ಲಿ ಅದೇ ಕೈ ಟೊಮೇಟೊ ಎತ್ತಿ, ಒಂದು ಗೀರೂ ಬೀಳದಂತೆ ಇಳಿಸಿತಂತೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಸ್ಪಂಜ್ ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ, ಬಿಟ್ಟು ನೋಡಿ; ತಗ್ಗು ಹಾಗೇ ಉಳಿದರೆ ಪುಗಸಟ್ಟೆ ಕೊಟ್ಟರೂ ತರಬೇಡಿ. ಟವೆಲ್ಲಿನ ಕೆಳಗೆ ನಿಮ್ಮ ಕೈಯನ್ನೇ ಇಡಿ. ಹಾಗೆಯೇ, ಬಸಲಿಂಗ ಆ ಎಮ್ಮೆಯನ್ನು ಮತ್ತೆ ಮಾರಲು ತಂದದ್ದು ಕಂಡರೆ ನನಗೊಂದು ಮಾತು ತಿಳಿಸಿ. ನಾಲ್ಕಕ್ಕೆ ನಾನೇ ಕೇಳುವವನಿದ್ದೇನೆ. ಟವೆಲ್ಲಿನ ಕೆಳಗೆ ತನ್ನ ಕೈಯ ಬದಲು ಇಡಲಿ ಅಂತ ರಬ್ಬರ್ ಕೈಯನ್ನು ಅವನಿಗೆ ಕೊಡುತ್ತೇನೆ. ಹಳೆಯ ಸ್ಪಂಜನ್ನು ಇನ್ನೂ ಎಸೆದಿಲ್ಲ.